ಕ್ರೋಸಸ್ ದೊರೆ ಮತ್ತು ಸಾರ್ದಿಸ್ ನಗರದ ಕಾವಲಿಲ್ಲದ ಗೋಡೆ

ಸಮ ಸಂಖ್ಯೆಯ ವರ್ಷಗಳಲ್ಲಿ ನವೆಂಬರ್ ತಿಂಗಳು ಬಂದಾಗ, ಸಾಧಾರಣ ಕಾಲದ 33ನೇ ವಾರದ ಮಂಗಳವಾರ, ಬಲಿಪೂಜೆಯ ಮೊದಲ ವಾಚನ ಪ್ರಕಟನಾ ಗ್ರಂಥದ ಮೂರನೇ ಅಧ್ಯಾಯದಿಂದ ಬರುತ್ತದೆ. ವಾರದ ದಿನದ ಬೆಳಗಿನ ಪೂಜೆ, ಬೆರಳೆಣಿಕೆಯ ಭಕ್ತರು. ವಾಚಕರು ಸಾರ್ದಿಸ್ ಎಂಬ ಹೆಸರಿನ ಬಳಿ ಒಂದು ಕ್ಷಣ ತಡವರಿಸಿ ಮುಂದೆ ಸಾಗುತ್ತಾರೆ. ಅಂದಿನ ಶುಭಸಂದೇಶ ಮರ ಹತ್ತಿದ ಜಕ್ಕಾಯನದು. ಹಾಗಾಗಿ ಪ್ರಬೋಧನೆ ಸಹಜವಾಗಿಯೇ ಜಕ್ಕಾಯನ ಕಡೆಗೆ ಹೊರಳುತ್ತದೆ, ಸಾರ್ದಿಸ್ ಹಿಂದೆ ಉಳಿಯುತ್ತದೆ. ನಾನೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇನೆ. ಸೆಮಿನರಿಯಲ್ಲಿ ಏಷ್ಯಾದ ಏಳು ಸಭೆಗಳ ಹೆಸರನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಆದರೆ ಆ ಐದನೆಯ ಹೆಸರಿನ ಹಿಂದೆ ಒಬ್ಬ ದೊರೆಯ ಕಣ್ಣೀರಿನ ಕಥೆ ಇದೆ ಎಂದು ತಿಳಿದದ್ದು ಬಹಳ ತಡವಾಗಿ.

ಪತ್ಮೊಸ್ ದ್ವೀಪದಲ್ಲಿದ್ದ ಯೊವಾನ್ನನ ಮೂಲಕ ಪ್ರಭು ಯೇಸು ಸಾರ್ದಿಸಿನ ಸಭೆಗೆ ಕಳುಹಿಸಿದ ಸಂದೇಶ ಬಹಳ ಕಟುವಾದುದು. ಸ್ಮುರ್ನದ ಸಭೆಗೆ ಹಿಂಸೆ ಇತ್ತು, ಪೆರ್ಗಮದಲ್ಲಿ ಸುಳ್ಳು ಬೋಧಕರಿದ್ದರು. ಸಾರ್ದಿಸಿನಲ್ಲಿ ಇವೆರಡೂ ಇದ್ದಂತೆ ಕಾಣುವುದಿಲ್ಲ. ಅಲ್ಲಿದ್ದದ್ದು ಒಳ್ಳೆಯ ಹೆಸರು. ಜೀವಂತ ಸಭೆ ಎಂದು ಲೋಕ ಕರೆಯುತ್ತಿತ್ತು, ಪ್ರಭುವಿನ ದೃಷ್ಟಿಯಲ್ಲಿ ಅದು ಸತ್ತಿತ್ತು. ಎಚ್ಚರಗೊಳ್ಳದಿದ್ದರೆ ತಾನು ಕಳ್ಳನಂತೆ, ತಿಳಿಯದ ಗಳಿಗೆಯಲ್ಲಿ ಬರುವುದಾಗಿ ಪ್ರಭು ಅವರಿಗೆ ತಿಳಿಸುತ್ತಾರೆ. ಕಳ್ಳನ ಹೋಲಿಕೆ ಶುಭಸಂದೇಶಗಳಲ್ಲಿಯೂ ಇದೆ. ಆದರೆ ಸಾರ್ದಿಸಿನವರ ಕಿವಿಗೆ ಅದು ಬಿದ್ದಾಗ ಬೇರೆಯೇ ನೋವು ಆಗಿರಬೇಕು ಎಂದು ಬೈಬಲ್ ಪಂಡಿತರಲ್ಲಿ ಅನೇಕರು ಹೇಳುತ್ತಾರೆ. ಏಕೆಂದರೆ ಆ ಊರು ಹಿಂದೆ ನಿಜವಾಗಿಯೂ ಹಾಗೆಯೇ ಬಿದ್ದಿತ್ತು. ಒಮ್ಮೆ ಅಲ್ಲ, ಎರಡು ಸಲ. ಮೊದಲ ಸಲ ಬಿದ್ದಾಗ ಅಲ್ಲಿನ ದೊರೆ ಕ್ರೋಸಸ್.

ಆತನ ಜೀವನವನ್ನು ನಮಗೆ ವಿವರವಾಗಿ ತಿಳಿಸಿದವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಕ್ರೋಸಸನ ಕಾಲಕ್ಕೂ ಅವನ ಬರವಣಿಗೆಗೂ ನೂರು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಆದುದರಿಂದ ಚರಿತ್ರೆಯ ಜೊತೆಗೆ ಜನರು ಹೇಳಿಕೊಂಡು ಬಂದ ಕಥೆಗಳೂ ಅದರಲ್ಲಿ ಹೆಣೆದುಕೊಂಡಿವೆ ಎಂಬುದನ್ನು ಓದುಗರು ಮೊದಲೇ ತಿಳಿದಿರಬೇಕು.

ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗ ಅಂದು ಲಿಡಿಯಾ ರಾಜ್ಯವಾಗಿತ್ತು. ಸಾರ್ದಿಸ್ ಅದರ ರಾಜಧಾನಿ. ಸಮುದ್ರತೀರದ ಇಜ್ಮಿರ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 90 ಕಿ.ಮೀ. ದೂರ. ತ್ಮೋಲಸ್ ಪರ್ವತದ ಬುಡದಲ್ಲಿ ಊರು, ಊರಿನ ಬೆನ್ನಿಗೆ ಗೋಡೆಯಂತೆ ಕಡಿದಾದ ಬೆಟ್ಟದ ಮೇಲೆ ಕೋಟೆ, ಊರ ನಡುವೆ ಹರಿಯುವ ಪಕ್ಟೋಲಸ್ ಎಂಬ ಸಣ್ಣ ತೊರೆ. ಆ ತೊರೆಯ ಮರಳಿನಲ್ಲಿ ಚಿನ್ನದ ಕಣಗಳಿದ್ದವು. ಲಿಡಿಯಾದ ಭಾಗ್ಯವೆಲ್ಲ ಆ ಮರಳಿನಲ್ಲಿತ್ತು ಎಂದರೂ ತಪ್ಪಾಗದು.

ಕ್ರೋಸಸನ ತಂದೆ ಅಲ್ಯಾಟಿಸ್ ದೀರ್ಘ ಕಾಲ ಆಳಿದ ಬಲಶಾಲಿ ರಾಜ. ಮೇದ್ಯರೊಡನೆ ಆತ ಮಾಡುತ್ತಿದ್ದ ಯುದ್ಧ ಕ್ರಿ.ಪೂ. 585ರಲ್ಲಿ ಸೂರ್ಯಗ್ರಹಣ ಕಂಡು ಎರಡೂ ಕಡೆಯವರು ಹೆದರಿದ್ದರಿಂದ ನಿಂತಿತಂತೆ. ಸಂಧಾನದ ಗುರುತಾಗಿ ಅಲ್ಯಾಟಿಸ್ ತನ್ನ ಮಗಳನ್ನು ಮೇದ್ಯರ ರಾಜಕುಮಾರ ಅಸ್ಟಿಯಾಜಿಸನಿಗೆ ಕೊಟ್ಟ. ಹೀಗೆ ಅಸ್ಟಿಯಾಜಿಸ್ ಕ್ರೋಸಸನಿಗೆ ಭಾವನಾದ. ಈ ಸಂಬಂಧವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅರಮನೆಯ ಒಳಗೆ ಮಾತ್ರ ನೆಮ್ಮದಿ ಇರಲಿಲ್ಲ. ಅಲ್ಯಾಟಿಸನಿಗೆ ಇನ್ನೊಬ್ಬ ಹೆಂಡತಿಯಿಂದ ಪಾಂಟಲಿಯೋನ್ ಎಂಬ ಮಗನಿದ್ದ, ಪಟ್ಟ ಅವನಿಗೇ ಸಿಗಬೇಕೆಂದು ಬಯಸುವವರ ಪಂಗಡವೂ ಇತ್ತು. ಮಲತಾಯಿ ರೊಟ್ಟಿಯಲ್ಲಿ ವಿಷ ಬೆರೆಸಿ ಕೊಲ್ಲಿಸಲು ನೋಡಿದಳೆಂದೂ, ರೊಟ್ಟಿ ಮಾಡುವ ಹೆಂಗಸು ಗುಟ್ಟಾಗಿ ಎಚ್ಚರಿಸಿ ಕ್ರೋಸಸನ ಜೀವ ಉಳಿಸಿದಳೆಂದೂ ಒಂದು ಕಥೆ ಇದೆ. ದೊರೆಯಾದ ಮೇಲೆ ಆತ ಆ ಹೆಂಗಸಿನ ಚಿನ್ನದ ಪ್ರತಿಮೆ ಮಾಡಿಸಿ ಡೆಲ್ಫಿಯ ದೇವಸ್ಥಾನಕ್ಕೆ ಕಾಣಿಕೆಯಾಗಿ ಕಳುಹಿಸಿದ. ಉಪಕಾರ ಮರೆಯದ ಮನುಷ್ಯ. ಆದರೆ ಅದೇ ಮನುಷ್ಯ ತನ್ನ ವಿರೋಧಿ ಪಂಗಡದ ಒಬ್ಬನನ್ನು ಉಣ್ಣೆ ಬಾಚುವ ಮುಳ್ಳಿನ ಉಪಕರಣದ ಮೇಲೆ ಎಳೆಸಿ ಕೊಲ್ಲಿಸಿದ. ಆತನ ಆಸ್ತಿಯನ್ನೆಲ್ಲ ಕಸಿದು ದೇವಸ್ಥಾನಗಳಿಗೆ ದಾನ ಕೊಟ್ಟ. ಕಾಣಿಕೆ ಡಬ್ಬಿಗೆ ಬೀಳುವ ಹಣ ಎಲ್ಲಿಂದ ಬಂತೆಂದು ಕೇಳಬೇಕಾದ ಸಂದರ್ಭ ಅಂದೂ ಇತ್ತು.

35ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಕ್ರೋಸಸ್ ತೀರದ ಗ್ರೀಕ್ ಪಟ್ಟಣಗಳನ್ನು ಒಂದೊಂದಾಗಿ ವಶಪಡಿಸಿಕೊಂಡು ಕಪ್ಪ ವಸೂಲು ಮಾಡಿದ. ಮೊದಲು ಮುತ್ತಿಗೆ ಹಾಕಿದ್ದು ಎಫೆಸ ಪಟ್ಟಣಕ್ಕೆ. ಊರವರು ಭಯದಿಂದ ಆರ್ತೆಮಿಸ್ ದೇವಿಯ ಗುಡಿಯಿಂದ ಊರ ಗೋಡೆಯವರೆಗೆ ಹಗ್ಗ ಕಟ್ಟಿ, ಊರೇ ದೇವಿಗೆ ಸೇರಿದ್ದೆಂದು ಸಾರಿದರಂತೆ. ಊರು ಸೋತಿತು. ಆದರೆ ಆ ಗುಡಿಯ ಹೆಚ್ಚಿನ ಕಂಬಗಳನ್ನು ಕ್ರೋಸಸನೇ ಕೊಡುಗೆಯಾಗಿ ಕಟ್ಟಿಸಿಕೊಟ್ಟ. ಆತನ ಹೆಸರು ಕೆತ್ತಿದ ಕಂಬದ ತುಂಡುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಆ ಗುಡಿ ಕ್ರಿ.ಪೂ. 356ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಗುಡಿಯೇ ಸಂತ ಪೌಲರ ಕಾಲದ್ದು. ಬೆಳ್ಳಿ ಕೆಲಸದ ದೆಮೇತ್ರಿಯ ಅದರ ಹೆಸರಿನಲ್ಲಿ ದೊಂಬಿ ಎಬ್ಬಿಸಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿ ನಾವು ಓದುತ್ತೇವೆ.

ಕ್ರೋಸಸನ ಹೆಸರು ಲೋಕಪ್ರಸಿದ್ಧವಾದದ್ದು ಆತನ ಚಿನ್ನದಿಂದ. ನಮ್ಮಲ್ಲಿ ಸಿರಿವಂತನನ್ನು ಕುಬೇರ ಎನ್ನುವಂತೆ ಪಾಶ್ಚಾತ್ಯರು ಇಂದಿಗೂ ಕ್ರೋಸಸನ ಹೆಸರು ಹೇಳುತ್ತಾರೆ. ಲಿಡಿಯಾದವರ ಮೊದಲ ನಾಣ್ಯಗಳು ಬೆಳ್ಳಿ ಬೆರೆತ ಚಿನ್ನದವು. ಯಾವ ನಾಣ್ಯದಲ್ಲಿ ಎಷ್ಟು ಚಿನ್ನವಿದೆಯೆಂದು ಕೈಗೆ ತೆಗೆದುಕೊಂಡವನಿಗೆ ತಿಳಿಯುತ್ತಿರಲಿಲ್ಲ. ಅವನ ಕಾಲದಲ್ಲಿ ಚಿನ್ನವನ್ನೂ ಬೆಳ್ಳಿಯನ್ನೂ ಬೇರ್ಪಡಿಸಿ, ಶುದ್ಧ ಚಿನ್ನದ ನಾಣ್ಯ ಬೇರೆ, ಬೆಳ್ಳಿಯ ನಾಣ್ಯ ಬೇರೆ ಎಂದು ಮಾಡುವ ಕ್ರಮ ಬಂತು. ಅವುಗಳ ಮೇಲೆ ಎದುರುಬದುರಾಗಿ ನಿಂತ ಸಿಂಹ ಮತ್ತು ಹೋರಿಯ ಮುಖಗಳಿವೆ. ಈ ಚಿನ್ನ ಶುದ್ಧಿ ಮಾಡುತ್ತಿದ್ದ ಕುಲುಮೆಗಳು 1968ರಲ್ಲಿ ಸಾರ್ದಿಸಿನ ಉತ್ಖನನದಲ್ಲಿ ದೊರೆತವು. ತೆಳುವಾಗಿ ಬಡಿದ ಲೋಹವನ್ನು ಉಪ್ಪಿನೊಡನೆ ಮಡಕೆಯಲ್ಲಿಟ್ಟು ಬಹಳ ಹೊತ್ತು ಕಾಯಿಸುತ್ತಿದ್ದರು. ಉಪ್ಪು ಬೆಳ್ಳಿಯನ್ನು ಎಳೆದುಕೊಂಡು ಚಿನ್ನ ಮಾತ್ರ ಉಳಿಯುತ್ತಿತ್ತು. ನಮ್ಮ ಅಕ್ಕಸಾಲಿಗರು ಚಿನ್ನ ಉಜ್ಜಿ ನೋಡುವ ಒರೆಗಲ್ಲಿಗೆ ಗ್ರೀಕರು ಇಟ್ಟಿದ್ದ ಹೆಸರೇ ಲಿಡಿಯಾದ ಕಲ್ಲು. ಲೋಹವನ್ನು ಒರೆಗೆ ಹಚ್ಚುವುದನ್ನು ಇಷ್ಟು ಚೆನ್ನಾಗಿ ಬಲ್ಲ ಊರಿನ ದೊರೆಗೆ ತನ್ನನ್ನೇ ಒರೆಗೆ ಹಚ್ಚಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ಅದಕ್ಕೆ ಅವಕಾಶ ಬಾರದೇ ಇರಲಿಲ್ಲ. ಅಥೆನ್ಸಿನ ಜ್ಞಾನಿ ಸೋಲನ್ ದೇಶ ಸುತ್ತುತ್ತಾ ಸಾರ್ದಿಸಿಗೆ ಬಂದನಂತೆ. ಇಬ್ಬರ ಕಾಲ ಹೊಂದುವುದು ಕಷ್ಟ ಎಂಬ ಸಂದೇಹ ಇತಿಹಾಸಕಾರರಿಗಿದೆ. ಆದರೂ ಹಳಬರು ಈ ಕಥೆಯನ್ನು ಬಿಟ್ಟುಕೊಟ್ಟಿಲ್ಲ. ಕ್ರೋಸಸ್ ತನ್ನ ಭಂಡಾರವನ್ನೆಲ್ಲ ತೋರಿಸಿ, ಲೋಕದಲ್ಲಿ ಅತ್ಯಂತ ಭಾಗ್ಯಶಾಲಿ ಯಾರೆಂದು ವಿಚಾರಿಸಿದ. ತನ್ನ ಹೆಸರೇ ಬರುತ್ತದೆಂದು ಕಾದು ಕುಳಿತಿದ್ದ. ಸೋಲನ್ ಮೊದಲು ಹೆಸರಿಸಿದ್ದು ಊರಿಗಾಗಿ ಹೋರಾಡಿ ಸತ್ತ ಒಬ್ಬ ಸಾಮಾನ್ಯ ಗೃಹಸ್ಥನನ್ನು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಕಣ್ಣು ಮುಚ್ಚಿದವನನ್ನು. ಎರಡನೆಯದಾಗಿ ಹೆಸರಿಸಿದ್ದು ಎತ್ತು ಬಾರದಿದ್ದಾಗ ತಾಯಿಯ ಗಾಡಿಗೆ ತಾವೇ ಹೆಗಲು ಕೊಟ್ಟು ಗುಡಿಗೆ ಎಳೆದೊಯ್ದ ಇಬ್ಬರು ಸಹೋದರರನ್ನು. ಮನುಷ್ಯನ ಕೊನೆ ಹೇಗಾಯಿತೆಂದು ನೋಡುವ ತನಕ ಅವನನ್ನು ಭಾಗ್ಯವಂತನೆನ್ನಲು ಬಾರದು ಎಂಬುದು ಸೋಲನನ ಅಭಿಪ್ರಾಯವಾಗಿತ್ತು. ಕ್ರೋಸಸನಿಗೆ ಅತಿಥಿ ದಡ್ಡನಾಗಿ ಕಂಡ. ಬೇಸರದಿಂದಲೇ ಸಾಗಹಾಕಿದ.

ಇಲ್ಲಿಂದ ಆತನ ಬಾಳಿಗೆ ಕತ್ತಲು ಕವಿಯುತ್ತದೆ. ಇಬ್ಬರು ಗಂಡು ಮಕ್ಕಳಲ್ಲಿ ಒಬ್ಬ ಕಿವುಡ, ಮೂಕ. ಇನ್ನೊಬ್ಬ ಆಟಿಸ್, ಸರ್ವಗುಣ ಸಂಪನ್ನ. ಆಟಿಸ್ ಕಬ್ಬಿಣದ ಮೊನೆ ತಾಗಿ ಸಾಯುವುದಾಗಿ ಕ್ರೋಸಸ್ ಕನಸು ಕಂಡ. ಅಂದಿನಿಂದ ಮಗನನ್ನು ಯುದ್ಧಕ್ಕೆ ಕಳುಹಿಸಲಿಲ್ಲ. ಗೋಡೆಗೆ ತೂಗುಹಾಕಿದ್ದ ಈಟಿ, ಬಾಣಗಳನ್ನು ಕೂಡ ತೆಗೆಸಿ ಕೋಣೆಯಲ್ಲಿ ಗುಡ್ಡೆ ಹಾಕಿಸಿದ, ಎಲ್ಲಾದರೂ ಜಾರಿ ಬಿದ್ದೀತೆಂದು. ಮದುವೆಯನ್ನೂ ಮಾಡಿಸಿದ. ಅಷ್ಟರಲ್ಲಿ ಮೂಸಿಯ ಸೀಮೆಯಲ್ಲಿ ಒಂದು ದೊಡ್ಡ ಕಾಡುಹಂದಿ ಹೊಲಗಳನ್ನು ಹಾಳುಗೆಡವುತ್ತಿದೆ ಎಂದು ಜನ ದೂರು ತಂದರು. ಆಟಿಸ್ ಹೋಗಲೇಬೇಕೆಂದು ಹಟ ಹಿಡಿದ. ಹಂದಿಯ ಬಾಯಲ್ಲಿ ಕಬ್ಬಿಣವೆಲ್ಲಿದೆ ಎಂಬುದು ಅವನ ವಾದ. ತಂದೆ ಸೋತ. ಆದರೂ ಮಗನ ರಕ್ಷಣೆಗೆಂದು ಅಡ್ರಾಸ್ಟಸ್ ಎಂಬುವನನ್ನು ಜೊತೆಗೆ ಕಳುಹಿಸಿದ. ಈತ ತಿಳಿಯದೆ ತನ್ನ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕೊಂದು ಊರು ಬಿಟ್ಟು ಬಂದವನು. ಕ್ರೋಸಸನೇ ಆಶ್ರಯ ಕೊಟ್ಟು, ದೋಷ ಕಳೆಯುವ ವಿಧಿ ಮಾಡಿಸಿ, ಮನೆಯಲ್ಲಿಟ್ಟುಕೊಂಡಿದ್ದ. ಬೇಟೆಯಲ್ಲಿ ಅಡ್ರಾಸ್ಟಸ್ ಎಸೆದ ಈಟಿ ಹಂದಿಗೆ ತಪ್ಪಿ ಆಟಿಸನಿಗೆ ನಾಟಿತು.

ಹೆಣದ ಹಿಂದೆಯೇ ಬಂದು, ತನ್ನನ್ನು ಕೊಂದುಬಿಡೆಂದು ಕೈಚಾಚಿ ನಿಂತ ಅಡ್ರಾಸ್ಟಸನನ್ನು ಕ್ರೋಸಸ್ ಕ್ಷಮಿಸಿದ. ನಿನ್ನ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿದ. ಈ ದೊರೆಯ ಬಗ್ಗೆ ಎಷ್ಟೇ ಕಠಿಣವಾಗಿ ಬರೆಯಹೊರಟರೂ ಈ ಸ್ಥಳದಲ್ಲಿ ನನ್ನ ಲೇಖನಿ ನಿಲ್ಲುತ್ತದೆ. ಕ್ಷಮೆಯ ಶುಭಸಂದೇಶ ಕೇಳದ ಒಬ್ಬ ಅನ್ಯಧರ್ಮೀಯ ತಂದೆ ಮಗನ ಹೆಣದ ಮುಂದೆ ನಿಂತು ಇಷ್ಟು ಮಾಡಿದ. ಅಡ್ರಾಸ್ಟಸ್ ಮಾತ್ರ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರದೆ ಆಟಿಸನ ಸಮಾಧಿಯ ಬಳಿ ಪ್ರಾಣ ಕಳೆದುಕೊಂಡ. ಕ್ರೋಸಸ್ ಎರಡು ವರ್ಷ ಶೋಕದಲ್ಲಿ ಮುಳುಗಿದ.

ಅವನನ್ನು ಶೋಕದಿಂದ ಎಬ್ಬಿಸಿದ್ದು ಪೂರ್ವದ ಸುದ್ದಿ. ಕ್ರಿ.ಪೂ. 550ರಲ್ಲಿ ಪರ್ಶಿಯದ ಸೈರಸ್ ಮೇದ್ಯರ ರಾಜ ಅಸ್ಟಿಯಾಜಿಸನನ್ನು, ಅಂದರೆ ಕ್ರೋಸಸನ ಭಾವನನ್ನೇ, ಸೋಲಿಸಿ ಸಿಂಹಾಸನವೇರಿದ್ದ. ಬೈಬಲ್ ಓದುವವರಿಗೆ ಈ ಸೈರಸ್ ಹೊಸಬನಲ್ಲ. ಹಳೆಯ ಅನುವಾದಗಳಲ್ಲಿ ಕೋರೆಷ ಎಂದಿರುವವನು ಇವನೇ. ಪ್ರವಾದಿ ಯೆಶಾಯನ 45ನೇ ಅಧ್ಯಾಯ ಇವನನ್ನು ಪ್ರಭುವಿನ ಅಭಿಷಿಕ್ತನೆಂದು ಕರೆಯುತ್ತದೆ. ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಹಿಡಿದು, ಸೆರೆಯಲ್ಲಿದ್ದ ಯೆಹೂದ್ಯರಿಗೆ ಜೆರುಸಲೇಮಿಗೆ ಮರಳಲು ಅನುಮತಿ ಕೊಟ್ಟು, ದೇವಾಲಯದ ಬೆಳ್ಳಿಬಂಗಾರದ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಿದವನು. ಎಜ್ರನ ಗ್ರಂಥ ಆ ಪಾತ್ರೆಗಳು ಒಟ್ಟು 5,400 ಎಂದು ಲೆಕ್ಕ ಕೊಡುತ್ತದೆ.

ಬೆಳೆಯುವ ಮೊದಲೇ ಇವನನ್ನು ಮುರಿಯಬೇಕೆಂದು ಕ್ರೋಸಸ್ ನಿಶ್ಚಯಿಸಿದ. ನಮ್ಮ ಕರಾವಳಿಯಲ್ಲಿ ಪ್ರಶ್ನೆ ಇಡಿಸುವುದು ಎನ್ನುತ್ತಾರಲ್ಲ, ಅಂಥದ್ದೇ ಕೆಲಸಕ್ಕೆ ಕೈಹಾಕಿದ. ಆದರೆ ಮೊದಲು ದೇವವಾಣಿಗಳನ್ನೇ ಪರೀಕ್ಷೆಗೆ ಒಡ್ಡಿದ! ಎಲ್ಲ ಕಡೆಗೆ ದೂತರನ್ನು ಕಳುಹಿಸಿ, ನೂರನೆಯ ದಿನ ತಮ್ಮ ರಾಜ ಏನು ಮಾಡುತ್ತಿದ್ದಾನೆಂದು ಕೇಳಿಸಿದ. ಆ ದಿನ ಆತ ಯಾರೂ ಊಹಿಸಲಾರದಂತೆ ಆಮೆಯನ್ನೂ ಕುರಿಮರಿಯನ್ನೂ ಕತ್ತರಿಸಿ ಕಂಚಿನ ಹಂಡೆಯಲ್ಲಿ ಬೇಯಿಸುತ್ತಿದ್ದ. ಡೆಲ್ಫಿಯವರು ಅದನ್ನು ಸರಿಯಾಗಿ ಹೇಳಿದರಂತೆ. ಮತ್ತೆ ಕೇಳಬೇಕೆ? 117 ಚಿನ್ನದ ಗಟ್ಟಿಗಳು, ಚಿನ್ನದ ಸಿಂಹ, ಬೆಳ್ಳಿಯ ಕೊಪ್ಪರಿಗೆಗಳು ಡೆಲ್ಫಿಗೆ ಹೊರಟವು. ಪರ್ಶಿಯದವರ ಮೇಲೆ ಯುದ್ಧ ಮಾಡಿದರೆ ಹೇಗೆ ಎಂಬ ಪ್ರಶ್ನೆಗೆ ಬಂದ ಉತ್ತರ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಎಂಬ ಅರ್ಥದ್ದು. ಯಾರ ಸಾಮ್ರಾಜ್ಯ ಎಂದು ಕ್ರೋಸಸ್ ಕೇಳಲಿಲ್ಲ. ತನ್ನ ಆಳ್ವಿಕೆ ಎಷ್ಟು ಕಾಲ ಎಂದು ಇನ್ನೊಮ್ಮೆ ಕೇಳಿದಾಗ, ಹೇಸರಗತ್ತೆಯೊಂದು ಮೇದ್ಯರಿಗೆ ರಾಜನಾಗುವ ತನಕ ಎಂಬ ಸೂಚನೆ ಬಂತು. ಹೇಸರಗತ್ತೆ ರಾಜನಾಗುವುದುಂಟೇ ಎಂದು ನಕ್ಕು ಸುಮ್ಮನಾದ. ಸೈರಸನ ತಾಯಿ ಮೇದ್ಯರವಳು, ತಂದೆ ಪರ್ಶಿಯದವನು ಎಂಬುದು ಅವನಿಗೆ ಹೊಳೆಯಲಿಲ್ಲ.

ಕ್ರೋಸಸ್ ಕೆಟ್ಟದ್ದು ಸಂಪತ್ತಿನಿಂದ ಎಂದು ನಾವು ಬೇಗನೆ ತೀರ್ಮಾನಿಸುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆತ ಧಾರಾಳಿ, ತನ್ನ ಮಟ್ಟಿಗೆ ಭಕ್ತನೂ ಹೌದು. ಆದರೆ ಕಾಣಿಕೆ ಕೊಟ್ಟವನಿಗೆ ಅನುಕೂಲವಾದ ಉತ್ತರವೇ ಬರುತ್ತದೆ ಎಂದು ನಂಬಿದ್ದ. ಸಿಕ್ಕಿದ ಉತ್ತರದಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿಸಿಕೊಂಡ. ಸಾಂದಾನಿಸ್ ಎಂಬ ಲಿಡಿಯಾದ ಹಿರಿಯನೊಬ್ಬ ಯಾವ ಕಾಣಿಕೆಯೂ ಇಲ್ಲದೆ ಸ್ಪಷ್ಟವಾದ ಬುದ್ಧಿ ಹೇಳಿದ್ದ. ಪರ್ಶಿಯದವರು ತೊಗಲಿನ ಬಟ್ಟೆ ತೊಡುವ ಬಡವರು, ದ್ರಾಕ್ಷಾರಸ ಕಾಣದವರು, ಗೆದ್ದರೆ ಅವರಿಂದ ಸಿಗುವುದೇನೂ ಇಲ್ಲ, ಸೋತರೆ ನಮ್ಮದೆಲ್ಲ ಹೋಗುತ್ತದೆ ಎಂಬುದು ಅವನ ತರ್ಕ. ದೊರೆ ಕಿವಿಗೊಡಲಿಲ್ಲ.

ಹಾಲಿಸ್ ನದಿಯನ್ನು ದಾಟಿ ಟೇರಿಯ ಎಂಬಲ್ಲಿ ನಡೆದ ಯುದ್ಧದಲ್ಲಿ ಯಾರೂ ಗೆಲ್ಲಲಿಲ್ಲ. ಚಳಿಗಾಲ ಹತ್ತಿರವಾಗಿತ್ತು. ಕ್ರೋಸಸ್ ಸಾರ್ದಿಸಿಗೆ ಹಿಂದಿರುಗಿ, ಕೂಲಿ ಸೈನಿಕರನ್ನು ಮನೆಗೆ ಕಳುಹಿಸಿ, ಐದನೆಯ ತಿಂಗಳಿಗೆ ಬನ್ನಿರೆಂದು ಈಜಿಪ್ಟ್, ಬಾಬಿಲೋನ್, ಸ್ಪಾರ್ಟಾದ ಮಿತ್ರರಿಗೆ ಹೇಳಿ ಕಳುಹಿಸಿದ. ಚಳಿಗಾಲದಲ್ಲಿ ಯಾರೂ ಯುದ್ಧ ಮಾಡುವುದಿಲ್ಲ ಎಂಬ ಧೈರ್ಯ. ಸೈರಸ್ ಮಾತ್ರ ತಡಮಾಡದೆ ಬೆನ್ನಟ್ಟಿ ಬಂದ. ತನ್ನ ಬರವಿನ ಸುದ್ದಿಯನ್ನು ತಾನೇ ತಂದನೋ ಎಂಬಂತೆ ಸಾರ್ದಿಸಿನ ಬಯಲಿನಲ್ಲಿ ಕಾಣಿಸಿಕೊಂಡ. ಲಿಡಿಯಾದ ಅಶ್ವದಳಕ್ಕೆ ಆ ಕಾಲದಲ್ಲಿ ಸರಿಸಾಟಿ ಇರಲಿಲ್ಲ. ಸೈರಸ್ ಸಾಮಾನು ಹೊರುವ ಒಂಟೆಗಳನ್ನು ಮುಂದೆ ನಿಲ್ಲಿಸಿದ. ಒಂಟೆಯ ವಾಸನೆಗೆ ಕುದುರೆಗಳು ಬೆದರಿ ತಿರುಗಿದವು. ಸವಾರರು ಕೆಳಗಿಳಿದು ಕಾದಾಡಿದರೂ ಪ್ರಯೋಜನವಾಗಲಿಲ್ಲ. ಕ್ರೋಸಸ್ ಬೆಟ್ಟದ ಕೋಟೆಯೊಳಗೆ ಸೇರಿ ಬಾಗಿಲು ಹಾಕಿಸಿದ.

ಆ ಕೋಟೆ ಬಯಲಿನಿಂದ 300 ಮೀಟರಿಗೂ ಹೆಚ್ಚು ಎತ್ತರದಲ್ಲಿತ್ತು. ಅದಕ್ಕೂ ಒಂದು ಹಳೆಯ ಕಥೆ ಇದೆ. ಮೇಲಿಸ್ ಎಂಬ ಪೂರ್ವದ ರಾಜನಿಗೆ ಒಂದು ಸಿಂಹ ಹುಟ್ಟಿತಂತೆ, ಅದನ್ನು ಗೋಡೆಯ ಸುತ್ತಲೂ ಹೊತ್ತು ತಿರುಗಿದರೆ ಊರನ್ನು ಯಾರೂ ಗೆಲ್ಲಲಾರರು ಎಂದು ಬಲ್ಲವರು ತಿಳಿಸಿದ್ದರಂತೆ. ಮೇಲಿಸ್ ಎಲ್ಲ ಕಡೆ ಹೊತ್ತು ತಿರುಗಿದ, ತ್ಮೋಲಸ್ ಪರ್ವತದ ಕಡೆಯ ಕಡಿದಾದ ಬಂಡೆಯ ಭಾಗವೊಂದನ್ನು ಬಿಟ್ಟು. ಅಲ್ಲಿ ಯಾರು ಹತ್ತಿ ಬಂದಾರು ಎಂದು ಅವನ ಲೆಕ್ಕಾಚಾರ. ಕ್ರೋಸಸನ ಕಾಲದಲ್ಲಿಯೂ ಅಲ್ಲಿ ಕಾವಲು ಇರಲಿಲ್ಲ. ಕಾರಣವೂ ಅದೇ.

ಮುತ್ತಿಗೆ ಹದಿನಾಲ್ಕನೆಯ ದಿನಕ್ಕೆ ಬಂತು. ಮೊದಲು ಗೋಡೆ ಏರಿದವನಿಗೆ ಬಹುಮಾನ ಕೊಡುವುದಾಗಿ ಸೈರಸ್ ಸಾರಿದ್ದ. ಅವನ ಸೈನ್ಯದಲ್ಲಿದ್ದ ಹೈರೋಯಾಡಿಸ್ ಎಂಬುವನು ಹಿಂದಿನ ದಿನ ಆ ಬಂಡೆಯನ್ನು ನೋಡುತ್ತಾ ನಿಂತಿದ್ದ. ಮೇಲಿನಿಂದ ಒಬ್ಬ ಲಿಡಿಯಾದ ಸೈನಿಕನ ಶಿರಸ್ತ್ರಾಣ ಉರುಳಿ ಕೆಳಗೆ ಬಿತ್ತು. ಸೈನಿಕ ಬಂಡೆಯ ಮೈಯಲ್ಲಿ ಕಾಲಿಡುತ್ತಾ ಇಳಿದು ಬಂದು, ಅದನ್ನೆತ್ತಿಕೊಂಡು, ಬಂದ ದಾರಿಯಲ್ಲೇ ಹತ್ತಿ ಹೋದ. ಅಷ್ಟೇ! ಹೈರೋಯಾಡಿಸ್ ಕಾಲಿಟ್ಟ ಜಾಗಗಳನ್ನೆಲ್ಲ ಗುರುತಿಟ್ಟುಕೊಂಡ. ಮರುದಿನ ಅದೇ ಜಾಡಿನಲ್ಲಿ ಅವನು, ಅವನ ಹಿಂದೆ ಇನ್ನೂ ಅನೇಕರು ಹತ್ತಿದರು. ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ಕ್ರಿ.ಪೂ. 546ರ ಸುಮಾರಿಗೆ ಹೀಗೆ ಸಾರ್ದಿಸ್ ಬಿತ್ತು.

ಒಳಗಿನ ಗಲಿಬಿಲಿಯಲ್ಲಿ ಒಬ್ಬ ಪರ್ಶಿಯದ ಸೈನಿಕ ಕ್ರೋಸಸನನ್ನು ಗುರುತಿಸದೆ ಕತ್ತಿ ಎತ್ತಿದ. ಸಾಯಲು ಮನಸ್ಸು ಮಾಡಿದ್ದ ದೊರೆ ತಡೆಯಲಿಲ್ಲ. ಆಗ ಹುಟ್ಟಿದಂದಿನಿಂದ ಮಾತನಾಡದ ಆ ಮೂಕ ಮಗ, ತಂದೆಯನ್ನು ಕೊಲ್ಲಬೇಡವೆಂದು ಕೂಗಿದನಂತೆ. ಲೆಕ್ಕಕ್ಕೇ ಹಿಡಿಯದ ಮಗನಿಂದ ಜೀವ ಉಳಿಯಿತು. ಕ್ರೋಸಸ್ ತಾನು ತಂದೆಯೆಂದು ಹೇಳಿಕೊಳ್ಳುತ್ತಿದ್ದದ್ದು ಆಟಿಸನೊಬ್ಬನಿಗೇ ಎಂದು ಹೆರೊಡೋಟಸ್ ತಿಳಿಸುತ್ತಾನೆ.

ಸೈರಸ್ ಅವನನ್ನೂ, ಜೊತೆಗೆ ಲಿಡಿಯಾದ 14 ಹುಡುಗರನ್ನೂ ಚಿತೆಯ ಮೇಲೆ ಹತ್ತಿಸಿದ. ಬೆಂಕಿ ಹಚ್ಚಿದ ಮೇಲೆ, ಬಹಳ ಹೊತ್ತು ಮೌನವಾಗಿದ್ದ ಕ್ರೋಸಸ್ ಸೋಲನನ ಹೆಸರನ್ನು ಮೂರು ಸಲ ಕರೆದ. ಆತ ಯಾರೆಂದು ಸೈರಸ್ ದುಭಾಷಿಗಳ ಮೂಲಕ ಕೇಳಿಸಿ, ಹಳೆಯ ಕಥೆಯನ್ನೆಲ್ಲ ತಿಳಿದು, ತಾನೂ ಅವನಂತೆಯೇ ಒಬ್ಬ ಮನುಷ್ಯನೆಂದು ಮನಕರಗಿ ಬೆಂಕಿ ಆರಿಸಲು ಆಜ್ಞಾಪಿಸಿದ. ಆಳುಗಳಿಂದ ಆಗಲಿಲ್ಲ. ಕೊನೆಗೆ ಅಕಾಲದ ಮಳೆ ಸುರಿದು ಚಿತೆ ಆರಿತೆಂದು ಕಥೆ. ಚಿತೆಯ ಮೇಲೆ ಕುಳಿತ ಕ್ರೋಸಸನ ಚಿತ್ರವಿರುವ ಗ್ರೀಕ್ ಹೂಜಿಯೊಂದು ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಹೆರೊಡೋಟಸ್ ಹುಟ್ಟುವ ಮೊದಲಿನದು ಅದು. ಆದುದರಿಂದ ಕಥೆ ಅವನ ಸ್ವಂತ ಕಲ್ಪನೆಯಲ್ಲ.

ಬದುಕುಳಿದ ಕ್ರೋಸಸ್ ಗೆದ್ದವನಿಗೇ ಸಲಹೆಗಾರನಾದ. ಪರ್ಶಿಯದ ಸೈನಿಕರು ಊರನ್ನು ಲೂಟಿ ಮಾಡುತ್ತಿದ್ದಾಗ, ಅದು ಈಗ ತನ್ನ ಊರಲ್ಲ, ಲೂಟಿಯಾಗುತ್ತಿರುವುದು ಸೈರಸನ ಸೊತ್ತು ಎಂದು ಸೂಚಿಸಿ ಲೂಟಿ ನಿಲ್ಲಿಸಿದನಂತೆ. ಡೆಲ್ಫಿಗೆ ತನ್ನ ಸಂಕೋಲೆಗಳನ್ನೇ ಕಾಣಿಕೆಯಾಗಿ ಕಳುಹಿಸಿ, ಇದೇನು ನ್ಯಾಯ ಎಂದು ಕೇಳಿಸಿದ. ಯಾವ ಸಾಮ್ರಾಜ್ಯವೆಂದು ಅವನು ಕೇಳಬೇಕಿತ್ತು ಎಂಬ ಉತ್ತರ ಬಂದಾಗ, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಸೈರಸನ ಮಗ ಕಾಂಬಿಸೆಸನ ಕಾಲದವರೆಗೂ ಅವನ ಹೆಸರು ಬರುತ್ತದೆ. ಒಮ್ಮೆ ಕಾಂಬಿಸೆಸ್ ಸಿಟ್ಟಿನಿಂದ ಕೊಲ್ಲಲು ಹೇಳಿದಾಗ ಸೇವಕರು ಬಚ್ಚಿಟ್ಟು ಉಳಿಸಿದರು. ಆಮೇಲೆ ಹೆರೊಡೋಟಸ್ ಅವನನ್ನು ಬಿಟ್ಟುಬಿಡುತ್ತಾನೆ. ಸಾರ್ದಿಸಿನ ಉತ್ತರದ ಬಯಲಿನಲ್ಲಿ ಲಿಡಿಯಾದ ರಾಜರ ಬೃಹತ್ ಸಮಾಧಿ ದಿಬ್ಬಗಳಿವೆ. ತಂದೆ ಅಲ್ಯಾಟಿಸನದು ಎಲ್ಲಕ್ಕಿಂತ ದೊಡ್ಡದು. ಕ್ರೋಸಸನದೆಂದು ಗುರುತಿಸಿದ ಸಮಾಧಿ ಒಂದೂ ಇಲ್ಲ.

ಇಷ್ಟಾದ ಮೇಲೆ ಸಾರ್ದಿಸಿನವರು ಕಲಿಯಬೇಕಿತ್ತಲ್ಲವೇ? ಸುಮಾರು 330 ವರ್ಷಗಳ ಬಳಿಕ, ಕ್ರಿ.ಪೂ. 214ರಲ್ಲಿ, ಅರಸ ಮೂರನೇ ಅಂತಿಯೋಕ ಅದೇ ಊರಿಗೆ ಮುತ್ತಿಗೆ ಹಾಕಿದ್ದ. ಮಕ್ಕಬಿಯರ ಗ್ರಂಥದಲ್ಲಿ ದೇವಾಲಯವನ್ನು ಹೊಲೆಮಾಡಿದ ಅಂತಿಯೋಕನ ತಂದೆ ಈತ. ಮುತ್ತಿಗೆ ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ಕ್ರೇತ ದ್ವೀಪದ ಲಾಗೊರಾಸ್ ಎಂಬ ಸೈನಿಕ, ಸತ್ತ ಪ್ರಾಣಿಗಳನ್ನು ಎಸೆಯುವ ಕಮರಿಯ ಮೇಲಿನ ಗೋಡೆಯ ಮೇಲೆ ಹದ್ದುಗಳು ನೆಮ್ಮದಿಯಿಂದ ಕುಳಿತಿರುವುದನ್ನು ಗಮನಿಸಿದ. ಹಕ್ಕಿ ಕೂರುವ ಗೋಡೆಯ ಮೇಲೆ ಮನುಷ್ಯರಿಲ್ಲ ಎಂದರ್ಥ. ಏಣಿ ಹಾಕಿ ಹತ್ತಿದರು, ಊರು ಮತ್ತೆ ಬಿತ್ತು. ಇತಿಹಾಸಕಾರ ಪೊಲಿಬಿಯಸ್ ಇದನ್ನು ವಿವರವಾಗಿ ಬರೆದಿದ್ದಾನೆ.

ಪ್ರಭುವಿನ ಪತ್ರ ತಲುಪಿದ್ದು ಇಂಥ ಊರಿನ ಕ್ರೈಸ್ತರಿಗೆ. ಎಚ್ಚರವಾಗಿರಿ ಎಂಬ ಮಾತು ಎಫೆಸದಲ್ಲಿ ಉಪದೇಶವಾದೀತು, ಸಾರ್ದಿಸಿನಲ್ಲಿ ಅದು ಊರ ಗಾಯಕ್ಕೆ ಬೆರಳಿಟ್ಟಂತೆ. ನನ್ನನ್ನು ಕಾಡುವುದು ಒಂದೇ ಸಂಗತಿ. ಎರಡು ಸಲವೂ ಊರು ಬಿದ್ದದ್ದು ದುರ್ಬಲ ಕಡೆಯಿಂದ ಅಲ್ಲ. ದುರ್ಬಲ ಕಡೆಗಳಲ್ಲಿ ಕಾವಲಿತ್ತು. ಭದ್ರವೆಂದು ನಂಬಿ ಬಿಟ್ಟ ಕಡೆಯಿಂದಲೇ ಶತ್ರು ಬಂದ.

ನಮ್ಮ ಧರ್ಮಕೇಂದ್ರಗಳಲ್ಲಿ ಮನೆಭೇಟಿಗೆ ಹೊರಟಾಗ ಗುರ್ಕಾರರು ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಾರೆ? ಕುಡಿತದ ಮನೆ, ಜಗಳದ ಮನೆ, ಪೂಜೆಗೆ ಬಾರದವರ ಮನೆ. ಸರಿಯೇ. ಆದರೆ ದಿನವೂ ಜಪಸರ ನಡೆಯುವ, ಮಗ ಗಲ್ಫಿನಲ್ಲಿರುವ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ ಮನೆಯನ್ನು ದಾಟಿ ಹೋಗುತ್ತೇವೆ, ಅವರಿಗೇನು ಚಿಂತೆ ಎಂದು. ಆ ಮನೆಯ ಒಡಕು ನಮಗೆ ತಿಳಿಯುವುದು ವಕೀಲರ ನೋಟಿಸು ಬಂದ ಮೇಲೆ. ನಂಬಿಕಸ್ಥರ ಕೈಯಲ್ಲಿರುವ ಲೆಕ್ಕದ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ, ನೋಡಿದರೆ ಅವರಿಗೆ ಅವಮಾನ ಎಂದುಕೊಳ್ಳುತ್ತೇವೆ. ವಾರ್ಷಿಕ ಹಬ್ಬಕ್ಕೆ ದೀಪಾಲಂಕಾರ, ಬ್ಯಾಂಡು, ತುಂಬಿದ ಚರ್ಚು, ಮರುದಿನ ಪತ್ರಿಕೆಯಲ್ಲಿ ಫೋಟೊ. ಜೀವಂತ ಸಭೆ ಎಂಬ ಹೆಸರಿಗೆ ಇನ್ನೇನು ಬೇಕು? ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಯಾಜಕರಾದ ನಾವೇ. ವೇದಿಯ ಬಳಿ ದಿನವೂ ಇರುವವನ ಪ್ರಾರ್ಥನೆಯ ಬಗ್ಗೆ ಯಾರಿಗೂ ಸಂದೇಹ ಬರುವುದಿಲ್ಲ, ಅವನಿಗೂ ಬರುವುದಿಲ್ಲ. ನನ್ನ ಬದುಕಿನಲ್ಲಿ ಹದ್ದುಗಳು ನೆಮ್ಮದಿಯಿಂದ ಕುಳಿತಿರುವ ಗೋಡೆ ಯಾವುದು ಎಂದು ಕೇಳಿಕೊಳ್ಳಲು ನನಗೆ ಈಗಲೂ ಅಳುಕು.

ಆದರೂ ಪ್ರಭು ಆ ಸಭೆಯನ್ನು ಕೈಬಿಟ್ಟಿರಲಿಲ್ಲ. ಉಡುಪನ್ನು ಮಲಿನ ಮಾಡಿಕೊಳ್ಳದ ಕೆಲವರು ಅಲ್ಲಿದ್ದಾರೆಂದು ಪತ್ರವೇ ತಿಳಿಸುತ್ತದೆ. ಉಣ್ಣೆ ಮತ್ತು ಬಣ್ಣದ ಕಸುಬಿನ ಊರಿಗೆ ಈ ಹೋಲಿಕೆ ಚೆನ್ನಾಗಿ ಅರ್ಥವಾಗಿರಬೇಕು. ಎರಡನೇ ಶತಮಾನದಲ್ಲಿ ಆ ಸಾರ್ದಿಸಿಗೆ ಮೆಲಿಟೊ ಎಂಬ ಧರ್ಮಾಧ್ಯಕ್ಷರಿದ್ದರು. ಹಳೆಯ ಒಡಂಬಡಿಕೆಯ ಗ್ರಂಥಗಳು ಯಾವುವೆಂದು ಖಚಿತವಾಗಿ ತಿಳಿಯಲು ಅವರು ಪೂರ್ವದೇಶಕ್ಕೆ ಪ್ರಯಾಣ ಮಾಡಿ ಪಟ್ಟಿ ತಂದರು. ಪಾಸ್ಕ ಕುರಿತ ಅವರ ಪ್ರಬೋಧನೆ ಶತಮಾನಗಳ ಕಾಲ ಕಾಣೆಯಾಗಿದ್ದು, ಪಪೈರಸ್ ಹಾಳೆಗಳಲ್ಲಿ ಸಿಕ್ಕಿ 1940ರಲ್ಲಿ ಮುದ್ರಣವಾಯಿತು. ಧರ್ಮಸಭೆಯ ದೈನಂದಿನ ಪ್ರಾರ್ಥನಾವಿಧಿಯಲ್ಲಿ ಪವಿತ್ರ ಗುರುವಾರದಂದು ನಾವು ಯಾಜಕರು, ಕನ್ಯಾಸ್ತ್ರೀಯರು ಓದುವುದು ಅದರ ಭಾಗವನ್ನೇ. ಸತ್ತಿದೆ ಎನ್ನಿಸಿಕೊಂಡ ಸಭೆಯಿಂದ ಬಂದ ಮಾತು ಅದು.

ಊರು ಈಗ ಸಾರ್ಟ್ ಎಂಬ ಸಣ್ಣ ಹಳ್ಳಿ. 1958ರಿಂದ ಅಮೆರಿಕದ ವಿಶ್ವವಿದ್ಯಾಲಯಗಳ ತಂಡ ಅಲ್ಲಿ ಉತ್ಖನನ ನಡೆಸಿದೆ. 2025ರ ಜುಲೈಯಲ್ಲಿ ಸಾರ್ದಿಸನ್ನೂ ಆ ಸಮಾಧಿ ದಿಬ್ಬಗಳನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆರ್ತೆಮಿಸ್ ಗುಡಿಯ ಎರಡು ಕಂಬಗಳು ಪೂರ್ಣ ಎತ್ತರದಲ್ಲಿ ನಿಂತಿವೆ, ಗುಡಿಯ ಮೂಲೆಗೆ ತಾಗಿಕೊಂಡು ನಾಲ್ಕನೇ ಶತಮಾನದ ಒಂದು ಪುಟ್ಟ ಚರ್ಚಿನ ಗೋಡೆಗಳಿವೆ. ಮೇಲಿನ ಬೆಟ್ಟ ಗಟ್ಟಿ ಬಂಡೆಯಲ್ಲ, ಜಲ್ಲಿ ಮಣ್ಣು ಹೆಪ್ಪುಗಟ್ಟಿದ್ದು. ಮಳೆಗೂ ಭೂಕಂಪಕ್ಕೂ ವರ್ಷದಿಂದ ವರ್ಷಕ್ಕೆ ಕುಸಿಯುತ್ತಾ ಬಂದು, ಕ್ರೋಸಸನ ಕೋಟೆಯ ಬಹುಭಾಗ ಗೋಡೆ ಸಮೇತ ಕೆಳಗೆ ಬಿದ್ದುಹೋಗಿದೆ.